ವೆಂಡಲ್ ಕ್ರೌಸ್ ಒಪ್ಪಿಕೊಂಡ ತಪ್ಪು

ವೆಂಡಲ್ ಕ್ರೌಸ್ ನಮ್ಮ ಊರಿಗೆ ಬಂದಾಗ ಅವನಿಗೆ ಐವತ್ತು ದಾಟಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಇದು ಅವನ ಎಂಟನೆಯ ಊರು. ಎಲ್ಲ ಕಡೆಯೂ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸಹಾಯಕ ಕೋಚ್. ಎಲ್ಲಿಯೂ ಹೆಡ್ ಕೋಚ್ ಆಗಲಿಲ್ಲ. ಹೆಡ್ ಕೋಚನ್ನು ತೆಗೆದರೆ ಸಹಾಯಕರೂ ಗಂಟುಮೂಟೆ ಕಟ್ಟಬೇಕು, ಆ ಕೆಲಸವೇ ಹಾಗೆ. ಒಂದು ಮನೆಯ ಕಿಟಕಿಗೆ ಹೊಲಿದ ಪರದೆ ಇನ್ನೊಂದು ಮನೆಗೆ ಹೊಂದುವುದಿಲ್ಲವೆಂದು ಅವನ ಹೆಂಡತಿ ಮಾರ್ಲಿಸ್ ಪರದೆ ಹೊಲಿಯುವುದನ್ನೇ ಬಿಟ್ಟಿದ್ದಳು.

ಮಾತು ಕಡಿಮೆಯ ಮನುಷ್ಯ. ಪಂದ್ಯದ ಋತುವಿನಲ್ಲಿ ಪ್ರತಿ ಸೋಮವಾರ ಮಧ್ಯಾಹ್ನ ಮಾಜಿ ಸೈನಿಕರ ಭವನದಲ್ಲಿ ತಂಡದ ಅಭಿಮಾನಿಗಳ ಊಟ ಇರುತ್ತದೆ. ಕೋಚುಗಳು ಬಂದು ಶನಿವಾರದ ಪಂದ್ಯದ ಚಿತ್ರ ತೋರಿಸುತ್ತಾರೆ, ಊರವರು ಪ್ರಶ್ನೆ ಕೇಳುತ್ತಾರೆ. ಅಲ್ಲಿನ ಅಡುಗೆ ನನ್ನದು. ಮಾಂಸ, ಬೀನ್ಸ್ ಹಾಕಿದ ಚಿಲಿ, ಅದರ ಜೊತೆ ದಾಲ್ಚಿನ್ನಿ ಬನ್ನು. ಉಂಡ ತಟ್ಟೆಯನ್ನು ತಾನೇ ಒಳಗೆ ತಂದು ತೊಳೆದಿಡುತ್ತಿದ್ದವನು ವೆಂಡಲ್ ಒಬ್ಬನೇ.

ಅವನ ಕೈಕೆಳಗೆ ಮೂರು ವರ್ಷ ಕಲಿತವನು ಡೆವಿನ್ ಹೋಲುಬ್, ನಮ್ಮ ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡನ್ನು ಕೈಯಲ್ಲಿ ಹಿಡಿದು ಆಟ ನಡೆಸುವವನು. ಪಕ್ಕದ ರಸ್ತೆಯ ಜೋಳದ ರೈತರ ಮಗ, ಕಾಲೇಜಿನಲ್ಲಿ ಅದು ಅವನ ಕೊನೆಯ ವರ್ಷ. ಅಂಗಳದ ಅಂಚಿನಲ್ಲಿ ನಿಂತು ಕೈಸನ್ನೆಯಿಂದ ಅವನಿಗೆ ಮುಂದಿನ ಆಟ ತಿಳಿಸುವುದು ವೆಂಡಲ್‌ನ ಕೆಲಸ.

ಆ ವರ್ಷ ನವೆಂಬರ್ ಮೊದಲ ಶನಿವಾರ ನಾವು ಸೋತೆವು. ಎರಡು ಅಂಕ ಹಿಂದಿದ್ದೆವು, ಇಪ್ಪತ್ತು ಸೆಕೆಂಡು ಉಳಿದಿತ್ತು, ಒದೆಯುವವನನ್ನು ಅಂಗಳಕ್ಕೆ ಕಳಿಸಿ ಚೆಂಡನ್ನು ಕಂಬಗಳ ನಡುವೆ ಒದೆಸಿದ್ದರೆ ಮೂರು ಅಂಕ ಸಿಕ್ಕಿ ಗೆಲ್ಲುತ್ತಿದ್ದೆವು. ಡೆವಿನ್ ಚೆಂಡನ್ನು ನೆಲಕ್ಕೆ ಕುಕ್ಕಿಬಿಟ್ಟ. ಕುಕ್ಕಿದರೆ ಗಡಿಯಾರ ನಿಲ್ಲುತ್ತದೆ, ನಿಜ, ಆದರೆ ಇರುವ ನಾಲ್ಕು ಅವಕಾಶಗಳಲ್ಲಿ ಒಂದು ಹೋಗುತ್ತದೆ. ಅದು ನಾಲ್ಕನೆಯದೇ ಆಗಿತ್ತು. ಚೆಂಡು ಎದುರಾಳಿಗಳ ಪಾಲಾಯಿತು.

ಪತ್ರಿಕೆಯವರು ಕೇಳಿದ್ದಕ್ಕೆ ಡೆವಿನ್ ಲೆಕ್ಕ ತಪ್ಪಿದ್ದು ತನ್ನದೇ ಎಂದ. ವೆಂಡಲ್ ತಪ್ಪು ತನ್ನದು ಎಂದ. ಹೆಡ್ ಕೋಚ್ ಹಾಲ್ವರ್ಸನ್ ಎಲ್ಲಕ್ಕೂ ತಾನೇ ಹೊಣೆ ಎಂದ. ಮೂರನ್ನೂ ಪತ್ರಿಕೆಯಲ್ಲಿ ಒಂದೇ ಸಾಲಿನಲ್ಲಿ ಹಾಕಿದರು. ಸೋತ ಮೇಲೆ ಕೋಚುಗಳು ಹಾಗೆ ಹೇಳುವುದು, ಹುಡುಗರು ಹೀಗೆ ಹೇಳುವುದು ಎಲ್ಲ ವಾರದ ಮಾತೇ ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರು ತನ್ನಷ್ಟಕ್ಕೆ ಎರಡು ಪಾಲಾಯಿತು. ಒಂದರಿಂದ ನಾಲ್ಕು ಎಣಿಸುವುದಕ್ಕೆ ಹಾಲ್ವರ್ಸನ್‌ಗೆ ಅಷ್ಟು ಸಂಬಳ ಬೇಕೇ ಎಂದು ಕೆಲವರು. ಇಪ್ಪತ್ತೆರಡು ವರ್ಷದ ಹುಡುಗನಿಗೆ ನಾಲ್ಕು ಎಣಿಸಲು ಕೋಚ್ ಬೇಕೇ ಎಂದು ಇನ್ನು ಕೆಲವರು. ಎರಡನೆಯವರೇ ಹೆಚ್ಚು.

ಸೋಮವಾರ ಬೆಳಿಗ್ಗೆ ಹಾಲ್ವರ್ಸನ್ ಮುಂದಿನ ಶನಿವಾರ ಡೆವಿನ್‌ನನ್ನು ಆಡಿಸುವುದಿಲ್ಲವೆಂದು ತೀರ್ಮಾನಿಸಿದ. ಅದು ಊರಿನಲ್ಲಿ ಆ ಋತುವಿನ ಕೊನೆಯ ಪಂದ್ಯ. ಕೊನೆಯ ವರ್ಷದ ಹುಡುಗರು ತಂದೆ ತಾಯಿಯ ಕೈ ಹಿಡಿದು ಅಂಗಳಕ್ಕೆ ಬರುವ ದಿನ. ಡೆವಿನ್ ತಂದೆ ತಾಯಿಯ ಜೊತೆ ನಡೆದು ಬಂದು, ಆಮೇಲೆ ಬೆಂಚಿನ ಮೇಲೆ ಕೂರಬೇಕಿತ್ತು.

ಅಂದು ಊಟಕ್ಕೆ ಅರವತ್ತು ಜನ. ಪರದೆಯ ಮೇಲೆ ಆ ಆಟ ಬಂತು. ಮೇಲಿನಿಂದ ತೆಗೆದ ಚಿತ್ರ. ಅಂಗಳ ಕಾಣುತ್ತದೆ, ಅಂಚಿನಲ್ಲಿ ನಿಂತವರು ಕಾಣುವುದಿಲ್ಲ. ಬಿತ್ತನೆ ಬೀಜ ಮಾರುವ ಡೀನ್ ಮೆರ್ಟೆನ್ಸ್ ಹುಡುಗನಿಗೆ ಏನಾಗಿತ್ತೆಂದು ಕೇಳಿದ. ಹಾಲ್ವರ್ಸನ್ ಬಾಯಿ ತೆರೆಯುವ ಮೊದಲೇ ವೆಂಡಲ್ ಎದ್ದು ನಿಂತ.

"ಹುಡುಗಂಗೆ ಏನೂ ಆಗಿರ್ಲಿಲ್ಲ. ಕುಕ್ಕು ಅಂತ ಸನ್ನೆ ಮಾಡಿದ್ದು ನಾನು. ಅದರ ಹಿಂದಿನ ಅವಕಾಶದಲ್ಲಿ ಅಂಪೈರ್ ತಪ್ಪಾಯ್ತು ಅಂತ ಬಾವುಟ ಎಸೆದಿದ್ದು ನೋಡ್ದೆ, ಆಮೇಲೆ ತಪ್ಪಿಲ್ಲ ಅಂತ ಎತ್ಕೊಂಡಿದ್ದು ನೋಡ್ಲಿಲ್ಲ. ಅದು ಲೆಕ್ಕಕ್ಕಿಲ್ಲ, ಮತ್ತೆ ಆಡ್ಬೇಕು, ಇನ್ನೂ ಮೂರನೇದೇ ಅನ್ಕೊಂಡಿದ್ದೆ."

ಸಭೆಯಲ್ಲಿ ಚಪ್ಪಾಳೆ ಬಿತ್ತು. ಹುಡುಗರ ಮೇಲೆ ಮಾತು ಬರಲು ಬಿಡದ ಇಂಥ ಕೋಚ್ ಸಿಗುವುದು ಪುಣ್ಯ ಎಂದ ಮೆರ್ಟೆನ್ಸ್. ಹಾಲ್ವರ್ಸನ್ ವೆಂಡಲ್‌ನ ಬೆನ್ನು ತಟ್ಟಿ ಕೂರಿಸಿದ. ಭಾನುವಾರ ಆಫೀಸಿನಲ್ಲಿ ವೆಂಡಲ್ ಇದನ್ನೇ ಹೇಳಿದಾಗಲೂ ಹೀಗೇ ಬೆನ್ನು ತಟ್ಟಿದ್ದನಂತೆ.

ವೆಂಡಲ್ ತಟ್ಟೆ ಹಿಡಿದು ಅಡುಗೆಮನೆಗೆ ಬಂದ. ಚಿಲಿ ಮುಟ್ಟಿರಲಿಲ್ಲ.

"ಇರ್ಮಾ, ನಾನು ಹೇಳಿದ್ದು ನಿಜ ಕಣ್ರೀ. ದೊಡ್ಡತನಕ್ಕೆ ಹೇಳಿದ್ದಲ್ಲ."

"ನಂಗೊತ್ತಾಯ್ತು. ಅವರಿಗಾಗ್ಲಿಲ್ಲ," ಎಂದೆ. "ನೀವು ಸನ್ನೆ ಮಾಡುವಾಗ ಪಕ್ಕದಲ್ಲಿ ಯಾರಿದ್ರು?"

ಅವನು ನಲ್ಲಿ ನಿಲ್ಲಿಸಿದ. "ಆರ್ಲೋ ಇದ್ದ," ಎಂದ.

ಆರ್ಲೋ ವಾಂಟ್ಜ್ ಅಂಗಳದ ಅಂಚಿನಲ್ಲಿ ಅಂಕಿಯ ಕೋಲು ಹಿಡಿಯುವವನು. ಎಷ್ಟನೆಯ ಅವಕಾಶವೆಂದು ಆ ಕೋಲಿನ ತುದಿಯಲ್ಲಿ ತೋರಿಸುತ್ತಾರೆ. ಮೂವತ್ತೊಂದು ವರ್ಷದಿಂದ ಹಿಡಿದಿದ್ದಾನೆ. ಕೋಲು ಹಿಡಿದವನು ಕೂಗಬಾರದು, ಯಾರ ಪರವೂ ಮಾತಾಡಬಾರದು. ಆರ್ಲೋ ಅದನ್ನು ಹೊರಗೂ ಪಾಲಿಸುವ ಆಸಾಮಿ. ಪಂದ್ಯದ ವಿಷಯ ಬಂದರೆ ತಟ್ಟೆಯಿಂದ ತಲೆ ಎತ್ತುವುದಿಲ್ಲ. ಅಂದು ಮೂಲೆಯ ಮೇಜಿನಲ್ಲಿ ಎರಡನೆಯ ಬಟ್ಟಲು ಚಿಲಿ ತಿನ್ನುತ್ತಿದ್ದ.

ವೆಂಡಲ್ ಒದ್ದೆ ಕೈಯಲ್ಲೇ ಹೋಗಿ ಅವನ ಎದುರು ನಿಂತ. ನಾನು ಬಾಗಿಲಿಗೆ ಬಂದೆ.

"ಆರ್ಲೋ, ನೀನು ನನ್ನ ಪಕ್ಕ ಇದ್ದೆ. ಏನಾಯ್ತು ಹೇಳು."

"ಕೋಲು ಹಿಡಿಯೋನು ಮಾತಾಡೋ ಹಾಗಿಲ್ಲ, ಕೋಚ್."

"ಆಟ ಮುಗೀತಲ್ಲ."

ಆರ್ಲೋ ಚಮಚ ಕೆಳಗಿಟ್ಟು ಬಾಯಿ ಒರೆಸಿಕೊಂಡ. ಆ ಹೊತ್ತಿಗೆ ಎಲ್ಲರೂ ಅತ್ತ ತಿರುಗಿದ್ದರು. "ಕೋಲಲ್ಲಿ ನಾಲ್ಕು ಇತ್ತು," ಎಂದ. "ನೀವು ಕುಕ್ಕು ಅಂತ ಸನ್ನೆ ಮಾಡಿದ್ರಿ. ಹುಡುಗ ನಾಲ್ಕು ಬೆರಳು ಎತ್ತಿ ತೋರಿಸ್ದ. ನೀವು ಮತ್ತೆ ಕುಕ್ಕು ಅಂದ್ರಿ. ಎರಡನೇ ಸಲಕ್ಕೆ ಅವನು ಕುಕ್ಕಿದ."

ಈ ಬೆರಳಿನ ವಿಷಯ ವೆಂಡಲ್‌ಗೂ ಹೊಸದು. ಮುಖ ಸಪ್ಪಗಾಯಿತು. ಹುಡುಗ ತಿಳಿದೇ ತಪ್ಪು ಹೊತ್ತಿದ್ದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಂಥವನಿಗೆ ಕೋಚ್ ಕೆಲಸ ಕೊಟ್ಟವರಾರು ಎಂದ ಮೆರ್ಟೆನ್ಸ್, ಸ್ವಲ್ಪ ಮೊದಲು ಪುಣ್ಯ ಎಂದಿದ್ದ ಬಾಯಿಂದಲೇ. ಕೋಚ್ ಹೇಳಿದ್ದಕ್ಕೆ ತಲೆ ಅಲ್ಲಾಡಿಸಿ ಹುಡುಗ ತನ್ನಿಷ್ಟದಂತೆ ಆಡಬೇಕಿತ್ತು ಎಂದು ಒಬ್ಬ, ಹಾಗೆ ಶುರುವಾದರೆ ತಂಡ ಉಳಿಯುತ್ತದೆಯೇ ಎಂದು ಇನ್ನೊಬ್ಬ. ಹಾಲ್ವರ್ಸನ್ ಪರದೆ ಆರಿಸಿ, ಶನಿವಾರ ಡೆವಿನ್ ಆಡುತ್ತಾನೆ ಎಂದಷ್ಟೇ ಹೇಳಿದ.

ಬುಧವಾರ ವೆಂಡಲ್‌ನ ಮನೆಯಂಗಳದಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಫಲಕ ನೆಟ್ಟಿದ್ದರು. ಬೇಡದ ಕೋಚಿಗೆ ಊರು ಬಿಡು ಎಂದು ಇಲ್ಲಿ ಹಾಗೆ ಹೇಳುವುದು. ಅದು ಬಾಡಿಗೆ ಮನೆ. ನಿಜವಾದ ಒಡತಿ ಗಾಬರಿಯಿಂದ ಫೋನ್ ಮಾಡಿದಳಂತೆ, ಮಾರ್ಲಿಸ್ ನಗುತ್ತ ಹೇಳಿದಳು.

ಸನ್ನೆ ಮಾಡುವ ಕೆಲಸವನ್ನು ಹಾಲ್ವರ್ಸನ್ ತಾನೇ ವಹಿಸಿಕೊಂಡ, ವೆಂಡಲ್‌ಗೆ ಅಂಗಳದ ಅಂಚಿನಲ್ಲಿ ಜಾಗ ಉಳಿಯಲಿಲ್ಲ. ಶನಿವಾರ ಅವನು ಕೋಚ್ ಆದ ಮೇಲೆ ಮೊದಲ ಬಾರಿ ಹೆಂಡತಿಯ ಪಕ್ಕ ಕೂತು ಪಂದ್ಯ ನೋಡಿದ. ನಾನು ಎರಡು ಸಾಲು ಹಿಂದೆ ಇದ್ದೆ. ಡೆವಿನ್ ತಂದೆ ತಾಯಿಯ ನಡುವೆ ನಡೆದು ಬಂದ, ಆಮೇಲೆ ತಲೆಗೆ ಶಿರಸ್ತ್ರಾಣ ಹಾಕಿಕೊಂಡು ಆಡಲು ಇಳಿದ. ಮೊದಲೆರಡು ಸಲ ಅವನು ಅಂಚಿನಲ್ಲಿ ವೆಂಡಲ್ ನಿಲ್ಲುತ್ತಿದ್ದ ಜಾಗವನ್ನೇ ನೋಡಿದ. ಮೂರನೆಯ ಸಲ ಹಾಲ್ವರ್ಸನ್ ಕಡೆ ತಿರುಗಿದ.

"ಅಬ್ಬ, ಹುಡುಗಂಗೆ ಅಭ್ಯಾಸ ಆಯ್ತು," ಎಂದ ವೆಂಡಲ್, ಮಾರ್ಲಿಸ್‌ಗೆ.