ಬಿರುಕು ಮೆತ್ತುವ ಕೆಲಸ

ನನ್ನ ಮೊಮ್ಮಗಳು ಕೆಲಸ ಮಾಡುವ ಕಡೆ, ತಂಪು ಮಾಡುವ ಎರಡು ದೊಡ್ಡ ಮಿಷನ್ನುಗಳನ್ನು ಮೊನ್ನೆ ಕಾಯಂ ಆಗಿ ನಿಲ್ಲಿಸಿಬಿಟ್ಟರು. ಕೆಟ್ಟು ನಿಂತದ್ದಲ್ಲ. ಇನ್ನು ಅವು ಬೇಡ ಅಂತಲೇ ನಿಲ್ಲಿಸಿದ್ದು. ಹಾಗೆ ಮಾಡಿಸಿದವಳು ಇವಳು! ಮೂರನೇ ಕ್ಲಾಸು ಓದಿದ ನನಗೆ ಇದನ್ನು ಬರೆಯುವಾಗ ಅಕ್ಷರ ಗೆರೆಯ ಮೇಲೆ ನಿಲ್ಲುತ್ತಿಲ್ಲ. ನಿನ್ನೆ ಬೆಳಿಗ್ಗೆ ಅವಳ ಫೋನ್ ಬಂದದ್ದೇ ತಡ, ನಾನೀಗ ಮಗಳ ಮನೆಯಲ್ಲಿರುವ ಈ ಜಾವಳಿ ಊರಲ್ಲಿ ಎದುರು ಸಿಕ್ಕವರಿಗೆಲ್ಲ ಹೇಳಿದೆ, ಅಂಗಡಿಯವರಿಗೆ ಎರಡು ಸಲ.

ಅವಳಿರುವುದು ಮಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ. ನಾವು ಫೋನಿನಲ್ಲಿ ಕಳಿಸುವ ಫೋಟೊ, ವಿಡಿಯೊ ಎಲ್ಲ ಅಂಥ ಕಡೆಯ ಕಂಪ್ಯೂಟರುಗಳಲ್ಲಿ ಇರುತ್ತವಂತೆ. ಅವು ಸದಾ ಬಿಸಿಯಾಗುತ್ತವೆ, ತಂಪು ಮಾಡುತ್ತಲೇ ಇರಬೇಕು. ಆ ಮಿಷನ್ನಿಗೆ ಕರೆಂಟು ಬೇಕು, ಕರೆಂಟಿಗೆ ಕಲ್ಲಿದ್ದಲು ಸುಡಬೇಕು, ಆ ಹೊಗೆಯಿಂದಲೇ ಮಳೆ ಹೀಗೆ ದಿಕ್ಕೆಟ್ಟಿರುವುದು ಎಂದು ಅವಳೇ ನನಗೆ ತಿಳಿಸಿ ಹೇಳಿದ್ದು.

ಸಂಕ್ರಾಂತಿಗೆ ಬಂದಾಗ, ಎಷ್ಟು ಮಿಷನ್ ಓಡಿಸಿದರೂ ಬಿಸಿ ಹೋಗುವುದಿಲ್ಲ, ಇನ್ನೊಂದು ತರಿಸುತ್ತಾರಂತೆ ಎಂದಳು. ತೂತುಗಳನ್ನೆಲ್ಲ ಮುಚ್ಚಿದ್ದಾರಾ ಎಂದು ಕೇಳಿದೆ. ಅಳಿಯ ನಕ್ಕರು. “ಅದು ನಿಮ್ಮ ಏಲಕ್ಕಿ ಗೂಡಲ್ಲ ಮಾರಾಯ್ರೆ.”

ಬಾಳೂರಿನಲ್ಲಿ ನಮಗೆ ಏಲಕ್ಕಿ ಒಣಗಿಸುವ ಸಣ್ಣ ಗೂಡೊಂದಿತ್ತು. ಒಲೆ ನನ್ನ ಗಂಡನದು, ಗೋಡೆ ನನ್ನದು. ಕೊಯ್ಲಿಗೆ ಮುಂಚೆ ಮಣ್ಣಿಗೆ ಸಗಣಿ ಕಲಸಿ ಒಂದೊಂದು ಬಿರುಕನ್ನೂ ಮೆತ್ತಬೇಕು. ಒದ್ದೆ ಕೈ ಹಿಡಿದರೆ ಗಾಳಿ ಎಲ್ಲಿ ಸೋರುತ್ತದೆಂದು ತಿಳಿಯುತ್ತದೆ. ಮಗಳ ಬಾಣಂತನಕ್ಕೆಂದು ಜಾವಳಿಗೆ ಬಂದ ವರ್ಷ ಮಾತ್ರ ನಾನು ಮೆತ್ತಲಿಲ್ಲ. ಆಗ ಹುಟ್ಟಿದವಳೇ ಈ ಮೊಮ್ಮಗಳು. ಗೂಡಿನಲ್ಲಿ ಕಾವು ನಿಲ್ಲದೆ ನನ್ನ ಗಂಡ ಸೌದೆಯ ಮೇಲೆ ಸೌದೆ ಹಾಕಿದರು, ಅದೂ ಸಾಲದೆ ಕೊಟ್ಟಿಗೆಯ ಹಿಂದಿನ ಗುಡ್ಡದ ಮರಗಳನ್ನು ಕಡಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಇವಳು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ಒಂದು ಆಷಾಢದಲ್ಲಿ, ತಿಂಗಳಿಡೀ ಬರಬೇಕಾದ ಮಳೆ ಎರಡೇ ದಿನದಲ್ಲಿ ಸುರಿಯಿತು. ಕೊಟ್ಟಿಗೆಗೆ ದನ ಬಿಚ್ಚಲು ಹೋದ ನನ್ನ ಗಂಡನ ಮೇಲೆ ಆ ಗುಡ್ಡ ಜರಿದು ಬಂತು, ಅವರು ಉಳಿಯಲಿಲ್ಲ. ಮಣ್ಣಿನ ಜೊತೆ ಆಗ ಕಡಿದ ಮರಗಳ ಕೊಳೆತ ಬೊಡ್ಡೆಗಳೂ ಬಂದಿದ್ದವು. ಅವನ್ನು ಗುರುತು ಹಿಡಿದವಳು ನಾನೊಬ್ಬಳೇ. ಯಾರಿಗೂ ಹೇಳಲಿಲ್ಲ.

ಅಳಿಯ ನಕ್ಕರೂ ಮೊಮ್ಮಗಳು ನಗಲಿಲ್ಲ. ಮಂಗಳೂರಿಗೆ ವಾಪಸ್ಸು ಹೋಗಿ ಒದ್ದೆ ಕೈ ಹಿಡಿದು ನೋಡಿದಳಂತೆ. ಕರೆಂಟಿನ ವೈರು ಎಳೆಯಲೆಂದು ನೆಲದಲ್ಲಿ ಕೊರೆದ ತೂತುಗಳಿಂದ ತಂಪು ಸುಮ್ಮನೆ ಸೋರುತ್ತಿತ್ತು. ಕಂಪ್ಯೂಟರ್ ಇಲ್ಲದ ಖಾಲಿ ಖಾನೆಗಳಿಂದ ಹಿಂಬದಿಯ ಬಿಸಿ ಮುಂದಕ್ಕೆ ನುಗ್ಗುತ್ತಿತ್ತು. ಎಲ್ಲ ಮುಚ್ಚಿ ಎರಡು ಮಿಷನ್ ನಿಲ್ಲಿಸೋಣ ಎಂದು ಮೇಲಿನವರನ್ನು ಕೇಳಿದಳು. ಬೇಸಿಗೆ ಮುಗಿಯುವವರೆಗೆ ನಿಲ್ಲಿಸಿ ನೋಡೋಣ, ಕಂಪ್ಯೂಟರ್ ಒಂದು ಬಿಸಿಯಾಗಿ ನಿಂತರೂ ನಿನ್ನ ಕೆಲಸ ಹೋಗುತ್ತದೆ ಎಂದರಂತೆ. ಈ ಸಲ ಬಿಸಿಲೇರಿದ ದಿನವೆಲ್ಲ ನನಗೆ ಅನ್ನ ಇಳಿಯಲಿಲ್ಲ. ಒಂದು ಕಂಪ್ಯೂಟರೂ ನಿಲ್ಲಲಿಲ್ಲ. ಹೊಸ ಮಿಷನ್ನೂ ಬೇಡವಾಯಿತು.

ನಿನ್ನೆ ಸಂಜೆಯ ಬಸ್ಸಿಗೆ ಅವಳು ಬಂದಳು. ಮಗಳು ಕಡುಬು, ಹಲಸಿನಕಾಯಿ ಪಲ್ಯ ಮಾಡಿದ್ದಳು. ನಾಲ್ಕು ಜನವೂ ಊಟಕ್ಕೆ ಕೂತೆವು. ಮೊಮ್ಮಗಳು ಅಂದಳು, “ಅಜ್ಜಿ, ನೀನು ಕೇಳ್ದೇ ಇದ್ದಿದ್ರೆ ನಂಗೆ ಹೊಳೀತಾನೇ ಇರ್ಲಿಲ್ಲ. ಅಜ್ಜ ಇರ್ಬೇಕಿತ್ತು.”

ಅಜ್ಜನ ಮಾತು ಬಂದದ್ದೇ ಕೈಯಲ್ಲಿದ್ದ ಕಡುಬನ್ನು ತಟ್ಟೆಗಿಟ್ಟೆ. ನಾನು ಮೆತ್ತದ ಗೋಡೆ, ಕಡಿದ ಮರಗಳು, ಬೊಡ್ಡೆ, ಎಲ್ಲ ಹೇಳಿಬಿಟ್ಟೆ.

ಮಗಳು ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. “ನನ್ನ ಬಾಣಂತನಕ್ಕಲ್ವಾ ನೀನು ಬಂದಿದ್ದು? ಆ ಮಳೆಗೆ ಮರ ಇದ್ದ ಗುಡ್ಡಾನೂ ಜರಿದಿದೆ ಅಮ್ಮ.”

ಇರಬಹುದು. ನನಗೆ ಗೊತ್ತಿಲ್ಲ. ಮೊಮ್ಮಗಳು ತನ್ನ ತಟ್ಟೆ ಎತ್ತಿಕೊಂಡು ನನ್ನ ಮಗ್ಗುಲಿಗೆ ಬಂದು ಕೂತಳು. ಅಳಿಯ ತುಪ್ಪದ ಬಟ್ಟಲು ನನ್ನ ಕಡೆ ಸರಿಸಿದರು. ಕಣ್ಣೊರೆಸಿಕೊಂಡು ಎಲ್ಲರೂ ಉಂಡೆವು. ಕಡುಬು ಒಂದೂ ಉಳಿಯಲಿಲ್ಲ.