ಕೆಂಪಾಗದ ಎಲೆಗಳು

ಊರಿಗಾಂನಲ್ಲಿ ನನ್ನ ಪಕ್ಕದ ಮನೆಯ ಅಜ್ಜಿ ಕ್ರಿಸ್‌ಮಸ್ ಗಿಡವೊಂದನ್ನು ಬೆಳೆಸಿದ್ದಾರೆ. ಚಳಿಗಾಲದಲ್ಲಿ ಅದರ ತುದಿಯ ಎಲೆಗಳೆಲ್ಲ ಕೆಂಪಾಗಿ, ಬೇಸಿಗೆಗೆ ಉದುರುತ್ತವೆ. ಈ ಸಲ ಕೆಂಪಾಗಲೇ ಇಲ್ಲ. "ನನ್ ಕೈಗುಣಾನೇ ಓಯ್ತು ಕಣಮ್ಮ," ಎಂದು ಕೊರಗುತ್ತ ಅವರು ಮತ್ತೆ ಮತ್ತೆ ಗೊಬ್ಬರ ಹಾಕಿದರು.

ಒಂದು ಬೆಳಿಗ್ಗೆ ನೋಡಿದರೆ, ಗೋಡೆಯ ಮರೆಯಲ್ಲಿದ್ದ ಕೊಂಬೆಯೊಂದು ಮಾತ್ರ ಕೆಂಪಾಗಿತ್ತು. ಕಳ್ಳರ ಭಯಕ್ಕೆ ನಾನು ಈ ವರ್ಷ ಗೇಟಿಗೆ ಹಾಕಿಸಿದ್ದ ದೀಪದ ಬೆಳಕು ರಾತ್ರಿಯಿಡೀ ಉಳಿದ ಗಿಡದ ಮೇಲೆ ಬೀಳುತ್ತಿತ್ತು. ಕತ್ತಲು ಸಿಗದೆ ಅದು ಬಣ್ಣ ಕಟ್ಟಿರಲಿಲ್ಲ. ಹೋಗಿ ಹೇಳಿದೆ.

"ಒಬ್ಳೇ ಇರ್ತೀಯ, ದೀಪ ಇರ್ಲಿ ಬುಡು," ಎಂದರು.

ಈಗ ದೀಪ ಆರಿಸಿಯೇ ಮಲಗುತ್ತೇನೆ. ಆದರೂ ಅವರು ಗಿಡಕ್ಕೆ ನೀರು ಹಾಕುವ ಹೊತ್ತಿಗೆ ಹೊರಗೆ ಬರಲು ಮುಖವಿಲ್ಲ.