ಜಟಕಾ ಕುದುರೆಯ ದವಡೆ ಹಲ್ಲು

ಚಿಂತಾಮಣಿಯ ಚಲಪತಿ ದನದ ಡಾಕ್ಟರಾದಾಗ ಮನೆಯಲ್ಲಿ ಹಬ್ಬ. 1986ರಲ್ಲಿ ಬೆಂಗಳೂರಿಗೆ ಮತ್ತೆ ಓದಲು ಹೊರಟು, ಪ್ರಾಣಿಗಳ ಹಲ್ಲಿನ ತಜ್ಞನಾಗುತ್ತೇನೆ ಎಂದಾಗ ಮಾತ್ರ ತಾಯಿ ಮುನಿಗಂಗಮ್ಮ ಹಣೆ ಚಚ್ಚಿಕೊಂಡರು.

"ಮನುಷ್ಯರ ಹಲ್ಲು ಕಿತ್ರೆ ಮರ್ಯಾದೆನಾದ್ರೂ ಇರ್ತದೆ ಕಣಪ್ಪ. ಎಮ್ಮೆ ಹಲ್ಲು ಹಿಡ್ಕೊಂಡು ಏನ್ ಮಾಡ್ತೀಯ?"

ಆಕೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಪ್ರಾಣಿಗಳ ಹಲ್ಲಿಗೆಂದೇ ಪದವಿ ಕೊಡುವ ಕಾಲೇಜು ಅವನಿಗೆ ಎಲ್ಲೂ ಸಿಗಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸೆಯ ವಿಭಾಗ ಸೇರಿ, ಪ್ರಬಂಧಕ್ಕೆ ಕುದುರೆಯ ದವಡೆ ಹಲ್ಲನ್ನು ಆರಿಸಿಕೊಂಡ. ಪ್ರೊಫೆಸರ್ ವೆಂಕಟರಾಯಪ್ಪ ನಕ್ಕು, "ಸರಿ, ಕುದುರೆ ನೀನೇ ಹುಡುಕ್ಕೊ" ಅಂದರು.

ಚಿಂತಾಮಣಿಯಲ್ಲಿ ಕುದುರೆಗೇನು ಬರ? ಬಸ್ ಸ್ಟ್ಯಾಂಡಿನ ಎದುರು ಜಟಕಾಗಳ ಸಾಲೇ ಇತ್ತು. ಅದರಲ್ಲಿ ಮಹಮ್ಮದ್ ಇಸ್ಮಾಯಿಲ್‌ನ ಹೆಣ್ಣು ಕುದುರೆ ಮೋತಿ, ಅಗಿದ ಹುಲ್ಲನ್ನು ಉಂಡೆ ಉಂಡೆಯಾಗಿ ಉಗುಳುತ್ತಿತ್ತು. ದೃಷ್ಟಿಯಾಗಿದೆಯೆಂದು ಇಸ್ಮಾಯಿಲ್ ಅದಕ್ಕೆ ತಾಯಿತ ಕಟ್ಟಿಸಿದ್ದ. ಚಲಪತಿ ಬಾಯಿ ಬಿಡಿಸಿ ನೋಡಿದ: ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಭಾಗವನ್ನು ಕೊಯ್ದಿತ್ತು. ಉದ್ದ ಹಿಡಿಯ ಅರ ತೆಗೆದು ಉಜ್ಜಿದ. ಅಂಚು ಉಜ್ಜಿ ನಿಲ್ಲಿಸಬೇಕಿತ್ತು. ಆದರೆ ಜಟಕಾದವರೆಲ್ಲ ಸುತ್ತ ನಿಂತು "ಭಲೆ ಡಾಕ್ಟ್ರೇ" ಅನ್ನುತ್ತಿದ್ದರು. ಹೊಗಳಿಕೆಗೆ ಉಬ್ಬಿ, ಅಗಿಯುವ ಭಾಗವನ್ನೂ ಗಾಜಿನ ಹಾಗೆ ನುಣುಪು ಮಾಡಿಬಿಟ್ಟ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಪಾಪ, ಮೋತಿಗೆ ಎರಡೂ ಇದ್ದವು, ಅಗಿಯಲು ಮಾತ್ರ ಬರಲಿಲ್ಲ. ತಿಂದ ಹುರುಳಿ ಲದ್ದಿಯಲ್ಲಿ ಇಡಿಯಾಗಿ ಬೀಳತೊಡಗಿತು. ಪಕ್ಕೆಲುಬು ಎದ್ದವು.

ಚಲಪತಿ ಬೆಂಗಳೂರಿಗೆ ಹೋಗಿ ನಡೆದದ್ದನ್ನು ಹೇಳಿದಾಗ ಪ್ರೊಫೆಸರ್ ಬೈಯಲಿಲ್ಲ. "ಬೀಸೋ ಕಲ್ಲಿಗೆ ಉಳಿ ಏಟು ಯಾಕೆ ಹಾಕಿಸ್ತಾರಯ್ಯಾ? ನುಣುಪಾದ ಕಲ್ಲಲ್ಲಿ ರಾಗಿ ಬೀಸೋಕಾಗ್ತದಾ?" ಎಂದರು.

ಚಲಪತಿ ನೇರವಾಗಿ ಹೋಗಿ ಇಸ್ಮಾಯಿಲ್‌ಗೆ ತಪ್ಪು ನನ್ನದೇ ಎಂದ. ಇಸ್ಮಾಯಿಲ್ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. "ನನ್ ಮಕ್ಕಳ ಊಟ ಇದರ ಬಾಯಲ್ಲಿತ್ತು ಸಾರ್" ಎಂದಷ್ಟೇ ಹೇಳಿದ.

ಆ ವರ್ಷದ ಪರೀಕ್ಷೆ ಕೈಬಿಟ್ಟು ಚಲಪತಿ ಊರಲ್ಲೇ ಉಳಿದ. ದಿನವೂ ಹುರುಳಿ ಬೇಯಿಸಿ, ರುಬ್ಬಿ, ಬೂಸಾ ಕಲಸಿ ಮೋತಿಗೆ ತಿನ್ನಿಸಿದ. ರುಬ್ಬಿದ್ದು ಮುನಿಗಂಗಮ್ಮ, ಬೈದುಕೊಂಡೇ. ಕುದುರೆಯ ಹಲ್ಲು ನಿಧಾನವಾಗಿ ಬೆಳೆದು, ಸವೆದು, ಮತ್ತೆ ಒರಟಾಗುತ್ತದೆ. ತಿಂಗಳುಗಳು ಹಿಡಿದವು. ಯುಗಾದಿಯ ಹೊತ್ತಿಗೆ ಮೋತಿ ಹುಲ್ಲು ಅಗಿದಾಗ ಅವನಿಗೆ ಅಳು ಬಂತು.

ಮುಂದಿನ ವರ್ಷ ಪಾಸಾಗಿ ಬಂದ. ಇಸ್ಮಾಯಿಲ್ ಸಿಹಿ ತಿಂದು ಹೇಳಿದ: "ಸಂತೋಷ ಸಾರ್. ಮೋತಿ ಬಾಯಿಗೆ ಮಾತ್ರ ಇನ್ನು ಕೈ ಹಾಕ್ಬೇಡಿ."

ಚಲಪತಿ ಚಿಂತಾಮಣಿಯಲ್ಲೇ ಕೆಲಸಕ್ಕೆ ನಿಂತ. ಶಿಡ್ಲಘಟ್ಟ, ಗೌರಿಬಿದನೂರಿನಿಂದಲೂ ಜನ ಪ್ರಾಣಿಗಳ ಹಲ್ಲು ತೋರಿಸಲು ಬಂದರು. ಇಸ್ಮಾಯಿಲ್ ಬರಲಿಲ್ಲ. ಗೋಡೆಗೆ ಪದವಿ ಪತ್ರ ನೇತುಹಾಕಲು ಚಲಪತಿಗೆ ಮನಸ್ಸಾಗಲಿಲ್ಲ.

ಮೋತಿ ವಯಸ್ಸಾಗಿ ಸತ್ತ ಮೇಲೆ, 1993ರಲ್ಲಿ, ಇಸ್ಮಾಯಿಲ್ ಹೊಸ ಕುದುರೆಯೊಂದನ್ನು ಹಿಡಿದುಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದ. ತಾನೇ ಅದರ ನಾಲಿಗೆ ಹಿಡಿದು ಬಾಯಿ ತೆರೆದ. ಚಲಪತಿ ಅರ ಎತ್ತಿಕೊಂಡು, ಬೆರಳಿನಿಂದ ಒಂದೊಂದೇ ಹಲ್ಲು ಸವರಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅರವನ್ನು ಪೆಟ್ಟಿಗೆಗೆ ಹಾಕಿದ.

"ಚೆನ್ನಾಗವೆ ಇಸ್ಮಾಯಿಲ್ ಸಾಬ್ರೇ. ಈಗ ಏನೂ ಮಾಡೋದು ಬೇಡ."

ಇಸ್ಮಾಯಿಲ್ ಕುದುರೆಯ ಕತ್ತು ತಟ್ಟಿದ. "ಈಗ ಪಾಸಾದ್ರಿ ಬಿಡಿ ಸಾರ್."